ಮೈಯಿಲ್ಲದ ಕುದುರೆ

“ಗುರುಗಳೇ, ಮಾಡಿದ ಕೆಲಸ ಚೆನ್ನಾಗಿ ಬಂದರೆ ಎದೆ ಉಬ್ಬುತ್ತದೆ. ಬೇಡವೆಂದರೂ ಉಬ್ಬುತ್ತದೆ. ಅದನ್ನು ಏನು ಮಾಡಬೇಕು?”

ಕೇಳಿದವನು ಮಹಾಲಿಂಗ, ಮಠದ ಕಿರಿಯ ಶಿಷ್ಯ. ಹೂಳು ತುಂಬಿ ಪಾಳುಬಿದ್ದಿದ್ದ ಮಠದ ಬಾವಿಯನ್ನು ಅವನು ನಲವತ್ತು ದಿನ ತೋಡಿ ನೀರು ಬರಿಸಿದ್ದ. ಊರಿನವರು ಹೊಗಳಿದರು. ಕೇಳಿ ಅವನಿಗೆ ಖುಷಿಯಾಯಿತು. ಖುಷಿಯಾಯಿತಲ್ಲ ಎಂದು ಹೆದರಿಕೆಯೂ ಆಯಿತು. ಅಹಂಕಾರ ಕರಗಲಿ ಎಂದು ಎರಡು ದಿನ ಊಟ ಬಿಟ್ಟ. ಪಕ್ಕದ ಊರಿನವರು ಬಂದು ನಮ್ಮ ಬಾವಿಯನ್ನೂ ತೋಡಿಕೊಡಪ್ಪ ಎಂದಾಗ, ನನ್ನಿಂದಾಗದು, ನಾನು ತೀರಾ ಸಣ್ಣವನು ಎಂದು ಕೈಮುಗಿದು ಕಳಿಸಿಬಿಟ್ಟ.

ಗುರುಗಳು ಅವನ ಬಾಡಿದ ಮುಖ ನೋಡಿದರು. ಎದೆ ಉಬ್ಬಿದ್ದಕ್ಕೆ ಹೊಟ್ಟೆಗೆ ಯಾಕೆ ಶಿಕ್ಷೆ ಎಂದು ಕೇಳಿದರು. ಮಹಾಲಿಂಗ ತಲೆ ತಗ್ಗಿಸಿದ. ಗುರುಗಳು ಸಿಡುಕಿನ ಮನುಷ್ಯ. ಶಿಷ್ಯರು ಮುಖ ಸಣ್ಣದು ಮಾಡಿಕೊಂಡು ಕೂತರೆ ಅವರಿಗೆ ಸಹಿಸಲಾಗದು. ನೆಟ್ಟಗೆ ಕೂತುಕೋ, ಕತೆ ಹೇಳುತ್ತೇನೆ, ಅರ್ಥವಾಗದಿದ್ದರೂ ಆದವನಂತೆ ತಲೆಯಾಡಿಸಬೇಡ ಎಂದು ಶುರುಮಾಡಿದರು.

ಒಂದು ಊರು. ಆ ಊರಿನಲ್ಲಿ ಒಂದು ಪಶುವೈದ್ಯ ಕಾಲೇಜು. ಅಲ್ಲಿ ಒಬ್ಬ ವೈದ್ಯೆ, ಹೆಸರು ವಾರಿಜಾ. ಹನ್ನೆರಡು ವರ್ಷದಿಂದ ಕುದುರೆಗಳ ಕಾಲು ನೋಡುವುದೇ ಆಕೆಯ ಕೆಲಸ. ಕುದುರೆ ದೂರದಲ್ಲಿ ಬರುತ್ತಿರುವಾಗಲೇ ಯಾವ ಕಾಲಿನ ಯಾವ ಕೀಲಿನಲ್ಲಿ ನೋವಿದೆ ಎಂದು ಹೇಳಿಬಿಡುತ್ತಿದ್ದಳು. ನೂರಕ್ಕೆ ತೊಂಬತ್ತು ಸಲ ಅದು ಸರಿಯಾಗಿರುತ್ತಿತ್ತು. ಉಳಿದ ಹತ್ತರ ಬಗ್ಗೆ ಆಕೆ ಮಾತಾಡುತ್ತಿರಲಿಲ್ಲ.

ಕಾಲೇಜಿನ ಹಿಂದೆ ಒಂದು ಲಾಯ. ಅದರಲ್ಲಿ ಆರು ಕುದುರೆಗಳು, ಎಲ್ಲವೂ ಗಟ್ಟಿಮುಟ್ಟು. ಅವುಗಳಿಗೆ ಹುಲ್ಲು ಹಾಕುವುದು, ಮೈ ತಿಕ್ಕುವುದು, ದಿನಾ ಬೆಳಿಗ್ಗೆ ಅಂಗಳದಲ್ಲಿ ಹಗ್ಗ ಹಿಡಿದು ನಡೆಸುವುದು ದಸ್ತಗೀರನ ಕೆಲಸ. ಐವತ್ತು ದಾಟಿದ ಮನುಷ್ಯ. ಹೆಂಡತಿಯ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಕುದುರೆಗಳ ಜೊತೆ ಆಡಿದ್ದ, ಹಾಗೆಂದು ಹೆಂಡತಿಯೇ ಹೇಳುತ್ತಿದ್ದಳು.

ಒಂದು ದಿನ ಕಾಲೇಜಿಗೆ ಹೊಸ ಔಷಧವೊಂದು ಪರೀಕ್ಷೆಗೆ ಬಂತು. ಕುದುರೆಯ ಕೀಲುನೋವಿಗೆ ಔಷಧ. ಅದನ್ನು ಪರೀಕ್ಷಿಸುವ ರೀತಿ ಹೀಗೆ. ಚೆನ್ನಾಗಿರುವ ಕುದುರೆಯ ಮಂಡಿಯನ್ನು ಕೊಯ್ದು, ಒಳಗೆ ಬೇಕೆಂದೇ ಗಾಯ ಮಾಡಬೇಕು. ಕೀಲು ಬಾತುಕೊಳ್ಳಬೇಕು. ಆಮೇಲೆ ಔಷಧ ಹಾಕಿ ನೋಡಬೇಕು. ಔಷಧ ಗೆಲ್ಲಲಿ, ಸೋಲಲಿ, ಆ ಕುದುರೆ ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ಲಾಯದ ಆರೂ ಕುದುರೆಗಳನ್ನು ಅದಕ್ಕೆ ಗೊತ್ತುಮಾಡಿದರು.

ವಾರಿಜಾ ಮುಖ್ಯಸ್ಥರ ಹತ್ತಿರ ಹೋದಳು. ಕುದುರೆಯ ಕೀಲಿನ ಅಂಗಾಂಶವನ್ನೇ ನಾನು ಪ್ರಯೋಗಾಲಯದಲ್ಲಿ ಬೆಳೆಸಿಕೊಡುತ್ತೇನೆ, ಔಷಧವನ್ನು ಅದರ ಮೇಲೆ ನೋಡಿ, ಕುದುರೆಗಳನ್ನು ಬಿಡಿ ಎಂದಳು. ಮುಖ್ಯಸ್ಥರು ಕೆಟ್ಟವರಲ್ಲ. ಆರು ತಿಂಗಳು ಕೊಟ್ಟರು. ಒಂದೇ ಷರತ್ತು. ಬೆಳೆಸಿದ್ದು ನೋಡಲು ಕೀಲಿನಂತಿದ್ದರೆ ಸಾಲದು, ಕುದುರೆಯ ಭಾರ ಹೊರುವ ಕೀಲಿನಂತೆ ಒತ್ತಡ ತಡೆಯಬೇಕು. ತಡೆಯದಿದ್ದರೆ ಆರು ಕುದುರೆಗಳೂ ಚಾಕುವಿಗೆ.

ಮಹಾಲಿಂಗ ತಲೆಯಾಡಿಸಿದ. ಗುರುಗಳು ಕಣ್ಣು ಬಿಟ್ಟರು. ಅವನು ನಿಲ್ಲಿಸಿದ.

ಹೊಟ್ಟೆಶೂಲೆಯಿಂದ ಸತ್ತುಹೋದ ಒಂದು ಕುದುರೆಯ ಮಂಡಿಯಿಂದ ವಾರಿಜಾ ಉಗುರಿನಷ್ಟು ಮೃದ್ವಸ್ಥಿಯನ್ನು ತೆಗೆದುಕೊಂಡಳು. ಮೃದ್ವಸ್ಥಿ ಎಂದರೆ ಕೀಲಿನಲ್ಲಿ ಎರಡು ಮೂಳೆಗಳ ತುದಿಗೆ ಮೆತ್ತಿಕೊಂಡಿರುವ ನುಣುಪಾದ ಬಿಳಿ ಪದರ. ಮೂಳೆಗೆ ಮೂಳೆ ಉಜ್ಜದಂತೆ ಕಾಯುವುದು ಅದೇ. ಅದರೊಳಗಿನ ಜೀವಕೋಶಗಳನ್ನು ಬಿಡಿಸಿ ಗಾಜಿನ ತಟ್ಟೆಗೆ ಹಾಕಿದಳು. ಪೋಷಕ ದ್ರವ ಎರೆದಳು. ಕುದುರೆಯ ಮೈ ಎಷ್ಟು ಬೆಚ್ಚಗಿರುತ್ತದೆಯೋ ಅಷ್ಟೇ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟಳು. ಅರ್ಧ ಜೀವಕೋಶಗಳನ್ನು ಮುಂದಕ್ಕೆ ಬೇಕಾದೀತೆಂದು ಹಿಮಪೆಟ್ಟಿಗೆಯಲ್ಲಿ ಕಾಯ್ದಿರಿಸಿದಳು.

ಜೀವಕೋಶಗಳು ಬೆಳೆದವು. ಒಂದಕ್ಕೊಂದು ಅಂಟಿಕೊಂಡು ಪದರವಾದವು. ಮೂರನೆಯ ತಿಂಗಳ ಹೊತ್ತಿಗೆ ತಟ್ಟೆಯಲ್ಲಿ ರೂಪಾಯಿ ನಾಣ್ಯದಗಲದ ಬಿಳಿ ಬಿಲ್ಲೆಯೊಂದು ಥಳಥಳ ಹೊಳೆಯುತ್ತಿತ್ತು. ಎಳನೀರಿನ ಗಂಜಿಯಂತೆ ನುಣ್ಣಗಿತ್ತು. ವಾರಿಜಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾಲೇಜಿಗೆ ಕಾಲೇಜೇ ಬಂದು ನೋಡಿತು. ಪತ್ರಿಕೆಯವರು ಬಂದು ಫೋಟೋ ತೆಗೆದರು.

ಬೇರೆ ಊರಿನ ಹಿರಿಯ ಪ್ರಾಧ್ಯಾಪಕರೊಬ್ಬರೂ ಬಂದರು. ಚೆನ್ನಾಗಿದೆ ತಾಯಿ, ಸ್ವಲ್ಪ ಒತ್ತಿ ನೋಡಲೇ ಎಂದರು. ಆಕೆ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. ಇದು ಮುಟ್ಟಿ ನೋಡುವ ಸಾಮಾನಲ್ಲ ಸಾರ್ ಎಂದಳು. ಪ್ರಾಧ್ಯಾಪಕರು ಚಹಾ ಕುಡಿದು ಹೊರಟುಹೋದರು. ಒತ್ತುತ್ತಾರಂತೆ ಎಂದು ಆಕೆ ಆ ದಿನವೆಲ್ಲ ಗೊಣಗಿದಳು.

ಆಕೆ ಆ ಬಿಲ್ಲೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಪೆಟ್ಟಿಗೆ ಅಲುಗಬಾರದು ಎಂದು ಕೆಳಗೆ ಮೆತ್ತೆ ಹಾಕಿದಳು. ಕೋಣೆಯ ಬಾಗಿಲನ್ನು ದಡಾರನೆ ಹಾಕಬೇಡ ಎಂದು ಕಸ ಗುಡಿಸುವವಳನ್ನು ಗದರಿದಳು. ಕುಂಟುವ ಕುದುರೆಯನ್ನು ಕರೆತಂದರೆ ಆಕೆ ಬರೆದುಕೊಡುವ ಚೀಟಿಯಲ್ಲಿ ಮೊದಲ ಸಾಲು ಯಾವಾಗಲೂ ಒಂದೇ. ನಡೆಸಬೇಡಿ, ಲಾಯದಲ್ಲೇ ನಿಲ್ಲಿಸಿ, ವಿಶ್ರಾಂತಿ ಕೊಡಿ. ಹನ್ನೆರಡು ವರ್ಷ ಅದನ್ನೇ ಬರೆದು ಬರೆದು ಆಕೆಯ ಕೈ ಅದಕ್ಕೇ ಒಗ್ಗಿತ್ತು. ಕೀಲು ಎಂದರೆ ವಿಶ್ರಾಂತಿ. ಆ ಬಿಲ್ಲೆಗೂ ಆಕೆ ಅದನ್ನೇ ಕೊಟ್ಟಳು.

ನಾಲ್ಕು ತಿಂಗಳಾಯಿತು. ಮುಖ್ಯಸ್ಥರು ಬಂದು, ಪರೀಕ್ಷಿಸಲು ಹೊರಗಿನವರು ಬರುವ ಮೊದಲು ನಾವೇ ಒಮ್ಮೆ ನೋಡಿಬಿಡೋಣ ಎಂದರು. ಬೇಡವೆನ್ನಲು ಆಕೆಗೆ ಕಾರಣ ಸಿಗಲಿಲ್ಲ. ಒತ್ತಿ ಅಳೆಯುವ ಯಂತ್ರದ ಕೆಳಗೆ ತಟ್ಟೆ ಇಟ್ಟರು. ಯಂತ್ರದ ಮೊಂಡು ಕಡ್ಡಿ ನಿಧಾನವಾಗಿ ಕೆಳಗಿಳಿಯಿತು. ಕುದುರೆ ಸುಮ್ಮನೆ ನಿಂತಾಗ ಮಂಡಿಯ ಮೇಲೆ ಬೀಳುವಷ್ಟೇ ಒತ್ತಡ, ಹೆಚ್ಚಲ್ಲ. ಕಡ್ಡಿ ಬಿಲ್ಲೆಯ ಒಳಗೆ ಇಳಿದು ತಳದ ಗಾಜಿಗೆ ತಾಗಿತು. ಸುತ್ತ ನೀರು ಬಿಟ್ಟುಕೊಂಡಿತು. ಕಡ್ಡಿ ಮೇಲೆ ಬಂದಾಗ ತೂತು ಹಾಗೇ ಉಳಿದಿತ್ತು.

ಮುಖ್ಯಸ್ಥರು ಯಂತ್ರ ನಿಲ್ಲಿಸಿ ಹೊರಟುಹೋದರು. ಬೈದಿದ್ದರೆ ಆಕೆಗೆ ಸಲೀಸಾಗುತ್ತಿತ್ತು.

ವಾರಿಜಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಪತ್ರಿಕೆಯ ಫೋಟೋ, ಪ್ರಾಧ್ಯಾಪಕರಿಗೆ ಆಡಿದ ಮಾತು, ಎಲ್ಲ ನೆನಪಾಗಿ ನಾಚಿಕೆಯಿಂದ ಹಿಡಿಯಷ್ಟಾದಳು. ಒಂದು ಕಾಗದ ಬರೆದಳು. ನನಗೆ ಸೊಕ್ಕು ಬಂದಿತ್ತು. ನನ್ನ ಯೋಗ್ಯತೆಗೆ ಮೀರಿದ ಕೆಲಸಕ್ಕೆ ಕೈಹಾಕಿದೆ. ಪ್ರಯೋಗ ಕುದುರೆಗಳ ಮೇಲೆಯೇ ನಡೆಯಲಿ. ಹೀಗೆ ಬರೆದ ಮೇಲೆ ಮನಸ್ಸು ಹಗುರವಾಯಿತು. ಒಪ್ಪಿಕೊಂಡೆ, ಸಣ್ಣವಳಾದೆ, ಇನ್ನು ಯಾರೂ ನನ್ನನ್ನು ಏನೂ ಕೇಳುವ ಹಾಗಿಲ್ಲ. ಒಂದು ಬಗೆಯ ನೆಮ್ಮದಿಯೂ ಬಂತು. ಆ ನೆಮ್ಮದಿ ಹೇಗಿರುತ್ತದೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲವಲ್ಲ ಎಂದು ಗುರುಗಳು ಮಹಾಲಿಂಗನ ಕಡೆ ನೋಡಿದರು.

ಕಾಗದ ಕೊಡುವ ಮೊದಲು ಆಕೆ ಲಾಯಕ್ಕೆ ಹೋದಳು. ಹೋಗಲೇಬೇಕಿತ್ತು. ಕೊಯ್ಯುವ ಹಿಂದಿನ ದಿನ ಕುದುರೆಗೆ ಮೇವು ನಿಲ್ಲಿಸಬೇಕು. ಯಾವ ಕುದುರೆಗೆ ಯಾವತ್ತು ಎಂದು ದಸ್ತಗೀರನಿಗೆ ಮುಂಚಿತವಾಗಿ ಹೇಳುವುದು ಅಲ್ಲಿಯ ಪದ್ಧತಿ. ಅವನು ಕಂದು ಹೆಣ್ಣುಕುದುರೆಯ ಗೊರಸು ಕೆರೆಯುತ್ತಿದ್ದ. ಕಾಲನ್ನು ತನ್ನ ತೊಡೆಯ ಮೇಲಿಂದ ಇಳಿಸದೆಯೇ ಎಲ್ಲ ಕೇಳಿಸಿಕೊಂಡ. ಸೋತದ್ದನ್ನೂ, ಕಾಗದ ಬರೆದದ್ದನ್ನೂ ಆಕೆ ಹೇಳಿದಳು. ತನಗೆ ಸೊಕ್ಕು ಬಂದಿತ್ತು, ಈಗ ಇಳಿದಿದೆ ಎಂದೂ ಹೇಳಿದಳು.

“ನಿಮ್ಮ ಸೊಕ್ಕು ಇಳೀತು ಅಂತ ನನ್ನ ಕುದುರೆ ಯಾಕೆ ಕುಂಟಬೇಕು ಡಾಕ್ಟರಮ್ಮ?” ಎಂದ ದಸ್ತಗೀರ.

ವಾರಿಜಾಳಿಗೆ ಕೆನ್ನೆಗೆ ಹೊಡೆದಂತಾಯಿತು. ಇಷ್ಟು ಹೊತ್ತು ಆಕೆ ತನ್ನ ತಪ್ಪನ್ನೇ ಯೋಚಿಸಿದ್ದಳು, ತನ್ನ ನಾಚಿಕೆಯನ್ನೇ ಯೋಚಿಸಿದ್ದಳು. ಕಾಗದದಲ್ಲಿ ಕುದುರೆಗಳಿಗೆ ಸಿಕ್ಕಿದ್ದು ಒಂದೇ ಸಾಲು. ಅದೂ ಕೊನೆಯದು.

ದಸ್ತಗೀರ ಗೊರಸು ಬಿಟ್ಟು ಎದ್ದ. ಕೋಪ ಬಂದಿತ್ತು, ಆದರೆ ಕುದುರೆ ಬೆದರೀತೆಂದು ದನಿ ಏರಿಸಲಿಲ್ಲ. ನಾಲ್ಕು ತಿಂಗಳು ಅದನ್ನು ಹೇಗೆ ಸಾಕಿದಿರಿ ಎಂದು ಕೇಳಿದ. ಅಲುಗಿಸದೆ, ಮುಟ್ಟದೆ, ಪೂರ್ತಿ ವಿಶ್ರಾಂತಿಯಲ್ಲಿ ಎಂದಳು ಆಕೆ. ಅವನು ಕಂದು ಕುದುರೆಯ ಕಾಲು ತೋರಿಸಿದ.

“ಕುದುರೆ ಮರಿ ಹುಟ್ಟಿದ ಒಂದು ತಾಸಿಗೆ ಎದ್ದು ನಿಲ್ಲುತ್ತೆ, ಸಂಜೆಗೆ ತಾಯಿ ಹಿಂದೆ ಓಡುತ್ತೆ. ನೀವು ಸಾಕಿದ್ದು ಕಾಯಿಲೆ ಕುದುರೆ ಅಲ್ಲ, ಮರಿ. ಮರೀನ ನಾಲ್ಕು ತಿಂಗಳು ಮಲಗಿಸಿಬಿಟ್ಟು, ನಿಂತುಕೋ ಅಂದ್ರೆ ಎಲ್ಲಿಂದ ನಿಲ್ಲುತ್ತೆ?”

ಅವನು ಹೇಳಿದ್ದನ್ನು ಆಕೆ ಪುಸ್ತಕದಲ್ಲಿ ಓದಿರಲಿಲ್ಲವೆಂದಲ್ಲ. ಮೃದ್ವಸ್ಥಿಯ ಒಳಗೆ ರಕ್ತನಾಳವಿಲ್ಲ. ಕಾಲೂರಿದಾಗ ಹಿಂಡಿದಂತಾಗಿ ಹಳೆಯ ನೀರು ಹೊರಗೆ ಹೋಗುತ್ತದೆ, ಕಾಲೆತ್ತಿದಾಗ ಹೊಸದು ಒಳಗೆ ಬರುತ್ತದೆ. ಅದು ಉಣ್ಣುವುದೇ ಹಾಗೆ, ಗಟ್ಟಿಯಾಗುವುದೂ ಹಾಗೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದಳು. ಆದರೆ ಚೀಟಿ ಬರೆಯುವ ಕೈ ಓದಿದ ತಲೆಯನ್ನು ಮರೆಸಿಬಿಟ್ಟಿತ್ತು. ಒತ್ತಬೇಕು ಎಂದು ಯಾರಾದರೂ ಅಂದಾಗಲೆಲ್ಲ, ತನ್ನ ಹೊಳೆಯುವ ಬಿಲ್ಲೆ ಕೆಡುತ್ತದೆ ಎಂಬ ಒಂದೇ ಭಯ.

ಆಕೆ ಕಾಗದವನ್ನು ಅಲ್ಲೇ ಹರಿದಳು. ಚೂರುಗಳನ್ನು ಹುಲ್ಲಿನ ಮೇಲೆ ಹಾಕಬೇಡಿ, ಕುದುರೆಗಳು ತಿಂದಾವು ಎಂದು ದಸ್ತಗೀರ ಬೈದ. ಆಯ್ದು ಜೇಬಿಗೆ ಹಾಕಿಕೊಂಡಳು. ನಾಳೆ ಬೆಳಿಗ್ಗೆ ನೀನು ಕುದುರೆ ನಡೆಸುವಾಗ ನಾನೂ ಬರುತ್ತೇನೆ ಎಂದಳು. ಇನ್ನು ಅರವತ್ತು ದಿನ ಉಳಿದಿತ್ತು.

ಹಿಮಪೆಟ್ಟಿಗೆಯಲ್ಲಿ ಕಾಯ್ದಿರಿಸಿದ್ದ ಜೀವಕೋಶಗಳನ್ನು ಹೊರತೆಗೆದು, ಪದರ ಬೇಗ ಕಟ್ಟಲಿ ಎಂದು ಈ ಸಲ ಒತ್ತೊತ್ತಾಗಿ ತಟ್ಟೆಗಳಿಗೆ ಹಾಕಿದಳು. ಅವು ಪದರ ಕಟ್ಟುವಷ್ಟರಲ್ಲಿ ಕಾಲೇಜಿನ ಕಾರ್ಖಾನೆಯ ಮಿಸ್ತ್ರಿಯನ್ನು ಕಾಡಿ ಬೇಡಿ ಒಂದು ಯಂತ್ರ ಮಾಡಿಸಿದಳು. ಪ್ರತಿ ತಟ್ಟೆಯ ಮೇಲೂ ಒಂದು ಪುಟ್ಟ ಒತ್ತುಗ. ಒತ್ತುತ್ತದೆ, ಬಿಡುತ್ತದೆ. ಎಷ್ಟು ಹೊತ್ತಿಗೊಮ್ಮೆ ಒತ್ತಬೇಕು ಎಂಬುದನ್ನು ತಿಳಿಯಲು ಆಕೆ ದಿನಾ ಬೆಳಿಗ್ಗೆ ಅಂಗಳದಲ್ಲಿ ಕಂದು ಕುದುರೆಯ ಪಕ್ಕ ನಡೆದಳು. ಒಂದು ಮುಂಗಾಲು ನೆಲಕ್ಕೆ ತಾಗಿದಾಗಲೆಲ್ಲ ಕೈಯಲ್ಲಿದ್ದ ಎಣಿಸುವ ಗುಂಡಿಯನ್ನು ಒತ್ತಿದಳು. ಯಂತ್ರವನ್ನು ಆ ನಡಿಗೆಗೇ ಹೊಂದಿಸಿದಳು.

ಯಂತ್ರ ಒತ್ತತೊಡಗಿದ ಮೊದಲ ವಾರ ಎರಡು ಬಿಲ್ಲೆಗಳು ಬಿರುಕುಬಿಟ್ಟವು. ಈ ಸಲ ಆಕೆ ಬಾಗಿಲು ಹಾಕಿಕೊಳ್ಳಲಿಲ್ಲ. ನೇರ ಲಾಯಕ್ಕೆ ಹೋದಳು. ನಿನ್ನೆ ಹುಟ್ಟಿದ್ದರ ಬೆನ್ನ ಮೇಲೆ ಇವತ್ತು ತಡಿ ಹಾಕಿದರೆ ಇನ್ನೇನಾಗುತ್ತದೆ ಎಂದ ದಸ್ತಗೀರ. ಒತ್ತಡ ಇಳಿಸಿದಳು. ದಿನಕ್ಕೆ ಒಂದು ಗುಲಗಂಜಿಯಷ್ಟು ಏರಿಸುತ್ತ ಹೋದಳು. ಕುದುರೆ ದಿನವೆಲ್ಲ ನಡೆಯುವುದಿಲ್ಲ, ಮೇಯುತ್ತದೆ, ನಿಂತೇ ತೂಕಡಿಸುತ್ತದೆ ಎಂದು ಅವನು ನೆನಪಿಸಿದ. ಆಕೆ ಮಧ್ಯಾಹ್ನಗಳಲ್ಲಿ ಯಂತ್ರವನ್ನು ನಿಲ್ಲಿಸಿದಳು. ಬೇರೆ ಯಾರೂ ಆ ಕೋಣೆಗೆ ಹೋಗುವಂತಿರಲಿಲ್ಲ. ದಸ್ತಗೀರ ಮಾತ್ರ ಕೈಕಾಲು ತೊಳೆದು, ಬಿಳಿ ಅಂಗಿ ತೊಟ್ಟು, ತಲೆಗೆ ಟೋಪಿ ಸಿಕ್ಕಿಸಿಕೊಂಡು ದಿನಾ ಹೋಗುತ್ತಿದ್ದ. ಯಂತ್ರದ ಸದ್ದಿಗೆ ಕಿವಿಗೊಡುತ್ತಿದ್ದ. ಇವತ್ತು ಸ್ವಲ್ಪ ಅವಸರ ಮಾಡುತ್ತಿದೆ ಎನ್ನುತ್ತಿದ್ದ. ನೋಡಿದರೆ ನಿಜವಾಗಿಯೂ ತಿರುಪು ಸಡಿಲವಾಗಿರುತ್ತಿತ್ತು.

ಹುಲ್ಲು ಮಾರಲು ಬರುವವನಿಗೆ ಅವನು ಹೇಳಿದನಂತೆ, ನನ್ನ ಹತ್ತಿರ ಈಗ ಏಳು ಕುದುರೆ ಇದೆ, ಒಂದಕ್ಕೆ ಮೈ ಇಲ್ಲ ಅಷ್ಟೇ ಎಂದು. ಹುಲ್ಲಿನವನು ಏನು ತಿಳಿದನೋ, ಆ ವಾರ ಹುಲ್ಲು ಸ್ವಲ್ಪ ಹೆಚ್ಚೇ ಇಳಿಸಿಹೋದ.

ಹೊಸ ಬಿಲ್ಲೆಗಳಿಗೆ ಮೊದಲಿನ ಹೊಳಪು ಬರಲಿಲ್ಲ. ಅಂಚು ಅಷ್ಟು ದುಂಡಗೂ ಇರಲಿಲ್ಲ. ಫೋಟೋ ತೆಗೆಯುವಂಥದ್ದೇನೂ ಅಲ್ಲ. ಆಕೆ ದಿನಾ ಇಕ್ಕಳದಿಂದ ಒತ್ತಿ ನೋಡುತ್ತಿದ್ದಳು. ನಲವತ್ತನೆಯ ದಿನ ಇಕ್ಕಳ ಒಳಗಿಳಿಯಲಿಲ್ಲ.

ಅರವತ್ತನೆಯ ದಿನ ಬೆಳಿಗ್ಗೆ ಪರೀಕ್ಷಕರು ಬಂದರು. ಮೂವರು. ಅವರಲ್ಲಿ ಒಬ್ಬರು ಅದೇ ಹಿರಿಯ ಪ್ರಾಧ್ಯಾಪಕರು. ವಾರಿಜಾ ಹಳೆಯ ಮಾತಿಗೆ ಕ್ಷಮೆ ಕೇಳಿದಳು. ಯಂತ್ರದ ಹಿಡಿಯನ್ನು ಅವರ ಕೈಗೇ ಕೊಟ್ಟಳು. ಲಾಯದಲ್ಲಿ ದಸ್ತಗೀರ ಆರು ಕುದುರೆಗಳಿಗೂ ಹಗ್ಗ ಕಟ್ಟಿಕೊಂಡು ಕಾಯುತ್ತಿದ್ದ. ಆ ದಿನ ಮೇವು ಹಾಕಬೇಕೋ ನಿಲ್ಲಿಸಬೇಕೋ ಎಂದು ಅವನಿಗೆ ಯಾರೂ ಇನ್ನೂ ಹೇಳಿರಲಿಲ್ಲ.

ಕಡ್ಡಿ ಇಳಿಯಿತು. ನಿಂತ ಕುದುರೆಯ ಭಾರ. ಬಿಲ್ಲೆ ಸ್ವಲ್ಪ ತಗ್ಗಿತು. ಕಡ್ಡಿ ಮೇಲೆ ಬಂದಾಗ ತಗ್ಗು ತುಂಬಿಕೊಂಡು ಮೊದಲಿನಂತಾಯಿತು. ಪ್ರಾಧ್ಯಾಪಕರು ನಡೆಯುವ ಕುದುರೆಯ ಭಾರ ಹಾಕಿದರು. ತಡೆಯಿತು. ಇಷ್ಟು ಸಾಕು ಎಂದು ಉಳಿದಿಬ್ಬರು ಅಂದರು. ಸಾಕಾಗದು, ಇನ್ನೂ ಒತ್ತಿ ಸಾರ್ ಎಂದಳು ವಾರಿಜಾ. ನಿಧಾನ ಓಟದ ಭಾರ ಹಾಕಿದರು. ಬಿಲ್ಲೆ ಅದನ್ನೂ ತಡೆದುಕೊಂಡಿತು. ನಾಗಾಲೋಟದ ಭಾರ ಹಾಕಿದಾಗ ಅಂಚಿನಲ್ಲಿ ಸಣ್ಣಗೆ ಸೀಳಿತು.

ಮುಖ್ಯಸ್ಥರ ಮುಖ ಕಪ್ಪಿಟ್ಟಿತು. ಪ್ರಾಧ್ಯಾಪಕರು ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡರು. ಔಷಧ ನೋಡಲು ಓಡುವ ಕುದುರೆ ಬೇಕಿಲ್ಲ, ನಡೆಯುವ ಕೀಲು ಸಾಕು, ಇದು ನಡೆಯುವ ಕೀಲು ಎಂದು ಬರೆದು ಸಹಿ ಹಾಕಿದರು. ಉಳಿದಿಬ್ಬರೂ ಹಾಕಿದರು. ಪ್ರಯೋಗದ ಪಟ್ಟಿಯಲ್ಲಿದ್ದ ಆರು ಕುದುರೆಗಳ ಹೆಸರಿನ ಮೇಲೆ ಗೆರೆ ಎಳೆದರು. ನಾಗಾಲೋಟಕ್ಕೆ ಇನ್ನೂ ಆರು ತಿಂಗಳು ಬೇಕು, ಆಗ ಬಂದು ಒತ್ತಿ ಎಂದು ವಾರಿಜಾ ಅವರಿಗೆ ಹೇಳಿದಳು. ಇದನ್ನು ನಡೆಸಿದವನು ಬೇರೆ ಇದ್ದಾನೆ, ಅವನ ಹೆಸರನ್ನೂ ಬರೆದುಕೊಳ್ಳಿ ಎಂದಳು. ದಸ್ತಗೀರ ಎಂಬ ಹೆಸರನ್ನು ತಾನೇ ಒಂದೊಂದೇ ಅಕ್ಷರ ಹೇಳಿ ಬರೆಸಿದಳು. ಬಹಳ ಹೆಮ್ಮೆ ಇದ್ದ ಹಾಗಿದೆಯಲ್ಲ ತಾಯಿ ಎಂದು ಪ್ರಾಧ್ಯಾಪಕರು ನಕ್ಕರು. ಹೌದು ಸಾರ್, ಬಹಳ ಇದೆ ಎಂದಳು ಆಕೆ. ಅದನ್ನು ಹೇಳುವಾಗ ತಲೆ ತಗ್ಗಿಸಲಿಲ್ಲ.

ಆಮೇಲೆ ಆಕೆ ಲಾಯಕ್ಕೆ ಓಡಿದಳು. ಮೇವು ಹಾಕು ಎಂದಳು, ಅಷ್ಟೇ. ದಸ್ತಗೀರ ಮೇವು ಹಾಕಲಿಲ್ಲ. ಮೊದಲು ನಡಿಗೆ, ಆಮೇಲೆ ಮೇವು ಎಂದು ಬಾಗಿಲು ತೆರೆದ. ಕಂದು ಕುದುರೆ ಮುಂದೆ, ಉಳಿದವು ಹಿಂದೆ, ಒಂದೊಂದಾಗಿ ಹೊರಗೆ ಬಂದವು. ಆಕೆ ಬಾಗಿಲ ಪಕ್ಕ ನಿಂತು ರೂಢಿಯಂತೆ ಕಾಲುಗಳನ್ನೇ ನೋಡಿದಳು. ಒಂದರಲ್ಲೂ ಕುಂಟು ಕಾಣಲಿಲ್ಲ. ಕುದುರೆಗಳು ಆಕೆಯ ಕಡೆ ತಿರುಗಿಯೂ ನೋಡದೆ ಹೋದವು. ಆಕೆಗೆ ಮೈತುಂಬ ಹೆಮ್ಮೆಯಾಯಿತು.

ಗುರುಗಳು ಕತೆ ನಿಲ್ಲಿಸಿದರು. ಮಹಾಲಿಂಗ ಅಂಜುತ್ತಲೇ ಕೇಳಿದ. “ಆದರೂ ಗುರುಗಳೇ, ಅಷ್ಟು ಜನರ ಎದುರು ಬಾಯಿಬಿಟ್ಟು ‘ಬಹಳ ಇದೆ’ ಎಂದದ್ದು ತಪ್ಪಲ್ಲವೇ?”

“ಆ ಬಾಗಿಲಿನಿಂದ ಇಪ್ಪತ್ತನಾಲ್ಕು ಕಾಲುಗಳು ನೆಟ್ಟಗೆ ನಡೆದುಹೋದವು, ಅವುಗಳಲ್ಲಿ ತಪ್ಪು ಯಾವ ಕಾಲಿನಲ್ಲಿದೆ, ತೋರಿಸು.”